ಮಳೆಗಾಲದಲ್ಲಿ ನಮ್ಮೂರ ರಸ್ತೆ ಎಷ್ಟು ಭಾರ ಹೊರುತ್ತದೆ?



ಕೆಚ್ಚಲು ಬಾವು, ಜಂತಿನ ಔಷಧಿ, ಖನಿಜ ಮಿಶ್ರಣ ಎಂದು ಬರೆಯುವ ಪಶುವೈದ್ಯರು ಈ ಸಲ ರಸ್ತೆಯ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನಿಸಬಹುದು. ಕಾರಣ ಇದೆ. ಕಾಗಿನೆಲೆ ಸುತ್ತಲಿನ ಹಳ್ಳಿಗಳಿಂದ ಮಳೆಗಾಲದಲ್ಲಿ ನಮಗೆ ಬರುವ ಫೋನುಗಳಲ್ಲಿ ಮೊದಲ ಮಾತು ದನದ ಬಗ್ಗೆ ಇರುವುದಿಲ್ಲ. "ಡಾಕ್ಟರ್ರೇ, ಗಾಡಿ ಡೇರಿತನಕ ಬರಂಗಿಲ್ರಿ, ಊರ ಮುಂದ ನಿಲ್ಸಿ ನಡಕೊಂಡ ಬರಬೇಕಾಗತೈತಿ" ಎಂಬುದೇ ಮೊದಲ ಮಾತು. ರಸ್ತೆ ಕೆಟ್ಟರೆ ಹಾಲಿನ ಗಾಡಿ ತಡವಾಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಹಾಲು ಹುಳಿಯಾಗುತ್ತದೆ. ಬೆದೆಗೆ ಬಂದ ಆಕಳಿಗೆ ಹೊತ್ತಿಗೆ ಸರಿಯಾಗಿ ಸೂಜಿ ಸಿಗುವುದಿಲ್ಲ. ಈಯಲು ಕಷ್ಟಪಡುವ ಎಮ್ಮೆಯ ಹತ್ತಿರ ನಾವು ಬರುವುದು ತಡವಾಗುತ್ತದೆ.

ರಸ್ತೆ ಮಳೆಯಿಂದ ಕೆಡುತ್ತದೆ, ಅದಕ್ಕೆ ಯಾರೇನು ಮಾಡಲು ಸಾಧ್ಯ ಎಂದು ನಾವೆಲ್ಲ ಹೇಳಿಕೊಳ್ಳುತ್ತೇವೆ. ಅದು ಪೂರ್ತಿ ನಿಜವಲ್ಲ. ಬರೀ ಮಳೆಗೆ ರಸ್ತೆ ಇಷ್ಟು ಬೇಗ ಹಾಳಾಗುವುದಿಲ್ಲ, ಬರೀ ಭಾರಕ್ಕೂ ಇಷ್ಟು ಬೇಗ ಹಾಳಾಗುವುದಿಲ್ಲ. ಒಳಗೆ ನೀರು ಕುಡಿದ ರಸ್ತೆಯ ಮೇಲೆ ಭಾರದ ಗಾಡಿ ಹೋದಾಗ ಅದು ಮುರಿಯುತ್ತದೆ. ಮಳೆ ನಮ್ಮ ಕೈಯಲ್ಲಿಲ್ಲ. ನೀರು ಎಲ್ಲಿ ನಿಲ್ಲಬೇಕು, ಭಾರ ಯಾವಾಗ ಹೋಗಬೇಕು ಎಂಬುದು ಅಷ್ಟಿಷ್ಟಾದರೂ ನಮ್ಮ ಕೈಯಲ್ಲಿದೆ.

ಡಾಂಬರಿನ ಕೆಳಗೆ ಏನಿದೆ?

ನಮ್ಮ ಕಣ್ಣಿಗೆ ಕಾಣುವುದು ಮೇಲಿನ ಡಾಂಬರು. ಹಳ್ಳಿ ರಸ್ತೆಗಳಲ್ಲಿ ಅದು ಬೆರಳಿನಷ್ಟು ದಪ್ಪ, ಅಷ್ಟೆ. ಅದರ ಕೆಳಗೆ ಖಡಿ, ಖಡಿಯ ಕೆಳಗೆ ಗರಸು, ಎಲ್ಲದರ ಕೆಳಗೆ ನಮ್ಮದೇ ಹೊಲದ ಮಣ್ಣು. ಗಾಡಿಯ ಭಾರವನ್ನು ಕೊನೆಗೆ ಹೊರುವುದು ಆ ಮಣ್ಣು. ಡಾಂಬರಿನ ಕೆಲಸ ಮುಖ್ಯವಾಗಿ ಛತ್ರಿಯದು, ನೀರು ಒಳಗೆ ಇಳಿಯದಂತೆ ತಡೆಯುವುದು. ಖಡಿ ಮತ್ತು ಗರಸಿನ ಕೆಲಸ ಗಾಲಿಯ ಭಾರವನ್ನು ಅಗಲಕ್ಕೆ ಹರಡಿ ಮಣ್ಣಿಗೆ ಮುಟ್ಟಿಸುವುದು.

ನಮ್ಮ ಭಾಗದಲ್ಲಿ ಕೆಲವು ಕಡೆ ಮಸಾರಿ, ಕೆಲವು ಕಡೆ ಎರೆ. ಎರೆ ಮಣ್ಣಿನ ಗುಣ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಕಲ್ಲಿನಂತೆ ಗಟ್ಟಿ. ಮಳೆ ಬಿದ್ದರೆ ಉಬ್ಬುತ್ತದೆ, ಕಾಲಿಗೆ ಅಂಟಿ ಚಪ್ಪಲಿ ಬಿಡಿಸುತ್ತದೆ. ಜೋಳದ ಹಿಟ್ಟಿಗೆ ಒಂದು ಬೊಗಸೆ ನೀರು ಹೆಚ್ಚಾದರೆ ರೊಟ್ಟಿ ಬಡಿಯಲು ಬರುತ್ತದೆಯೇ? ಹಿಟ್ಟು ಅದೇ, ಹದ ಮಾತ್ರ ಹೋಗಿರುತ್ತದೆ. ಎರೆ ಮಣ್ಣಿನದೂ ಹಾಗೆಯೇ. ಅದಕ್ಕಾಗಿಯೇ ಎಂಜಿನಿಯರುಗಳು ರಸ್ತೆಯ ದಪ್ಪ ಲೆಕ್ಕ ಹಾಕುವ ಮೊದಲು ಸಾಮಾನ್ಯವಾಗಿ ಆ ಜಾಗದ ಮಣ್ಣನ್ನು 4 ದಿನ ನೀರಿನಲ್ಲಿ ನೆನೆಸಿಟ್ಟು, ನಂತರ ಅದರ ಶಕ್ತಿಯನ್ನು ಅಳೆಯುತ್ತಾರೆ. ಒಣಗಿದಾಗಿನ ಬಲ ನೋಡಿ ರಸ್ತೆ ಕಟ್ಟಿದರೆ ಮೊದಲ ಮಳೆಗಾಲಕ್ಕೇ ಕುಸಿಯುತ್ತದೆ ಎಂಬುದು ಅವರಿಗೆ ಗೊತ್ತು.

ದನದ ಗೊರಸನ್ನು ನೆನಪಿಸಿಕೊಳ್ಳಿ. ಬೇಸಿಗೆಯಲ್ಲಿ ಕಲ್ಲು ದಾರಿಯಲ್ಲಿ ನಡೆದರೂ ಏನೂ ಆಗದ ಆಕಳು, ಮಳೆಗಾಲದಲ್ಲಿ ಹಗಲಿರುಳು ರಾಡಿಯಲ್ಲಿ ನಿಂತರೆ ಕುಂಟತೊಡಗುತ್ತದೆ. ಆಕಳಿನ ತೂಕ ಹೆಚ್ಚಾಗಿಲ್ಲ. ನೀರು ಕುಡಿದು ಗೊರಸು ಮೆತ್ತಗಾಗಿದೆ, ಸಣ್ಣ ಹರಳೂ ಈಗ ಒಳಗೆ ನಾಟುತ್ತದೆ. ರಸ್ತೆಗೆ ಆಗುವುದೂ ಇದೇ.

ಹಿಮದ ದೇಶದವರ ಒಂದು ನಿಯಮ

ಈ ಸಮಸ್ಯೆಗೆ ಜಗತ್ತಿನ ಬೇರೆ ಕಡೆ ಒಂದು ಹಳೆಯ ಪರಿಹಾರ ಇದೆ. ಅಮೆರಿಕದ ಉತ್ತರದ ರಾಜ್ಯಗಳಾದ ಮಿನ್ನೆಸೋಟ, ವಿಸ್ಕಾನ್ಸಿನ್, ಮಿಶಿಗನ್‌ಗಳಲ್ಲಿ ಚಳಿಗಾಲದಲ್ಲಿ ನೆಲದೊಳಗಿನ ನೀರೇ ಹೆಪ್ಪುಗಟ್ಟುತ್ತದೆ. ಇವುಗಳಲ್ಲಿ ವಿಸ್ಕಾನ್ಸಿನ್ ಹೈನುಗಾರಿಕೆಗೇ ಹೆಸರಾದ ರಾಜ್ಯ. ಹೆಪ್ಪುಗಟ್ಟಿದಷ್ಟು ದಿನ ಅಲ್ಲಿನ ರಸ್ತೆ ಕಬ್ಬಿಣದಂತಿರುತ್ತದೆ. ಕಷ್ಟ ಬರುವುದು ಚಳಿ ಮುಗಿದು ಬಿಸಿಲು ಬಂದಾಗ. ಮಾರ್ಚ್ ಹೊತ್ತಿಗೆ ಮೇಲಿನ ಪದರದ ಮಂಜು ಕರಗುತ್ತದೆ, ಕೆಳಗಿನದು ಇನ್ನೂ ಗಡ್ಡೆಯಾಗಿಯೇ ಇರುತ್ತದೆ. ಕರಗಿದ ನೀರಿಗೆ ಕೆಳಗೆ ಇಳಿಯಲು ದಾರಿ ಇಲ್ಲ. ಡಾಂಬರಿಗೂ ಮಂಜುಗಡ್ಡೆಗೂ ನಡುವೆ ಸಿಕ್ಕಿಕೊಂಡು ಖಡಿ, ಮಣ್ಣೆಲ್ಲ ಕೆಸರಾಗುತ್ತದೆ. ಮೇಲಿನಿಂದ ನೋಡಿದರೆ ರಸ್ತೆ ಒಣಗಿ ಚೆಂದವಾಗಿಯೇ ಕಾಣುತ್ತದೆ.

ಹಾಗಾಗಿ ಅಲ್ಲಿ ಪ್ರತಿ ವರ್ಷ ಆ ಕೆಲವು ವಾರಗಳಿಗೆ ಮಾತ್ರ ಭಾರದ ಮಿತಿ ಹಾಕುತ್ತಾರೆ. ರಸ್ತೆ ಬದಿಗೆ ಫಲಕ ನಿಲ್ಲಿಸುತ್ತಾರೆ. ಮಿನ್ನೆಸೋಟದಲ್ಲಿ ಬೇರೆ ಫಲಕ ಇಲ್ಲದ ಮಣ್ಣಿನ ರಸ್ತೆಗಳಲ್ಲಿ ಒಂದು ಅಚ್ಚಿನ ಮೇಲೆ 5 ಟನ್‌ಗಿಂತ ಹೆಚ್ಚು ಭಾರ ಹೋಗುವಂತಿಲ್ಲ. ನೆಲ ಒಣಗಿ ಗಟ್ಟಿಯಾದ ಮೇಲೆ ಮಿತಿ ತೆಗೆಯುತ್ತಾರೆ. ರೈತರು ತಮ್ಮ ಕಾಳು, ಗೊಬ್ಬರ, ಯಂತ್ರಗಳನ್ನು ಅದಕ್ಕಿಂತ ಮುಂಚೆಯೇ ಸಾಗಿಸಿಕೊಳ್ಳುತ್ತಾರೆ, ಇಲ್ಲವೇ ಕಡಿಮೆ ಭಾರದಲ್ಲಿ ಎರಡು ಸಲ ಓಡಿಸುತ್ತಾರೆ.

ನಮ್ಮಲ್ಲಿ ಹಿಮ ಇಲ್ಲ. ಆದರೆ ನೆಲ ನೀರು ಕುಡಿದು ಬಲ ಕಳೆದುಕೊಳ್ಳುವ ಕಾಲ ನಮಗೂ ಇದೆ, ಮಿತಿಯೂ ಇದೆ. ಮಲೆನಾಡಿನ ಘಾಟಿಗಳಲ್ಲಿ ನೀವು ಇದನ್ನು ಕೇಳಿರುತ್ತೀರಿ. ಮಳೆ ಜೋರಾದ ವರ್ಷಗಳಲ್ಲಿ ಆಗುಂಬೆ ಘಾಟಿಯಲ್ಲಿ ಭಾರೀ ವಾಹನಗಳನ್ನು ನಿಲ್ಲಿಸುತ್ತಾರೆ. 2019ರ ಆಗಸ್ಟ್‌ನಲ್ಲಿ ನಮ್ಮ ವರದಾ ನದಿಯೂ ಉಕ್ಕಿ ಹರಿದ ಆ ಮಳೆಯಲ್ಲಿ ಚಾರ್ಮಾಡಿ ಘಾಟಿ ಹಲವೆಡೆ ಕುಸಿಯಿತು. ಆಮೇಲೆ ಬಹಳ ಕಾಲ ಅಲ್ಲಿ ಭಾರದ ಗಾಡಿಗಳಿಗೆ ಪ್ರವೇಶ ಇರಲಿಲ್ಲ. ಕೊಡಗಿನಲ್ಲಂತೂ ಇತ್ತೀಚಿನ ವರ್ಷಗಳಲ್ಲಿ ಮುಂಗಾರು ಶುರುವಾಗುತ್ತಿದ್ದಂತೆ ಜಿಲ್ಲಾಧಿಕಾರಿಗಳ ಆದೇಶ ಹೊರಬೀಳುತ್ತದೆ. ಮರದ ದಿಮ್ಮಿ, ಮರಳು ಸಾಗಣೆ ಬಂದ್, 18,500 ಕಿಲೋಗಿಂತ ಹೆಚ್ಚು ತೂಕದ ಸರಕು ವಾಹನಗಳೂ ಬಂದ್. ಅಡುಗೆ ಅನಿಲ, ಪೆಟ್ರೋಲ್-ಡೀಸೆಲ್, ಹಾಲು ಸಾಗಿಸುವ ವಾಹನಗಳಿಗೆ ವಿನಾಯಿತಿ ಕೊಡುತ್ತಾರೆ. ಹಾಲಿಗೆ ವಿನಾಯಿತಿ ಕೊಟ್ಟಿದ್ದು ನಮಗೆ ಖುಷಿಯ ಸಂಗತಿಯೇ. ಆದರೆ ವಿನಾಯಿತಿ ಕೊಡುವುದು ಆದೇಶ, ಮಣ್ಣು ಯಾರಿಗೂ ವಿನಾಯಿತಿ ಕೊಡುವುದಿಲ್ಲ. ಈ ಮಾತಿಗೆ ಆಮೇಲೆ ಮತ್ತೆ ಬರುತ್ತೇನೆ.

ನಮ್ಮ ಬಯಲು ಸೀಮೆಯ ಹಳ್ಳಿ ರಸ್ತೆಗಳಿಗೆ ಇಂಥ ಆದೇಶ ಬರುವುದು ಅಪರೂಪ. ಗುಡ್ಡ ಕುಸಿದರೆ ಸುದ್ದಿಯಾಗುತ್ತದೆ, ಊರ ರಸ್ತೆ ತಗ್ಗು ಬಿದ್ದರೆ ಯಾರಿಗೂ ಸುದ್ದಿಯಲ್ಲ.

ಭಾರ ಎರಡು ಪಟ್ಟಾದರೆ ಪೆಟ್ಟು ಎಷ್ಟು ಪಟ್ಟು?

ಇದೊಂದು ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಒಂದು ದೊಡ್ಡ ಪರೀಕ್ಷೆ ನಡೆಯಿತು. ಪರೀಕ್ಷೆಗೆಂದೇ ರಸ್ತೆ ಕಟ್ಟಿ, ಸೈನಿಕರ ಕೈಯಲ್ಲಿ ಬೇರೆ ಬೇರೆ ಭಾರದ ಲಾರಿಗಳನ್ನು ಹಗಲು ರಾತ್ರಿ ಓಡಿಸಿ, ಯಾವ ರಸ್ತೆ ಯಾವಾಗ ಮುರಿಯುತ್ತದೆ ಎಂದು ನೋಡಿದರು. ಒಂದು ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಎರಡು ಪಟ್ಟಲ್ಲ, ಸುಮಾರು 16 ಪಟ್ಟು ಎಂದು ತಿಳಿಯಿತು. ಭಾರ ಮೂರು ಪಟ್ಟಾದರೆ 81 ಪಟ್ಟು. ಎಷ್ಟು ಪಟ್ಟು ಭಾರವೋ ಆ ಸಂಖ್ಯೆಯನ್ನು ನಾಲ್ಕು ಸಲ ಬರೆದು ಗುಣಿಸಿದರೆ ಬರುವ ಲೆಕ್ಕ ಇದು. ಡಾಂಬರು ರಸ್ತೆಗಳು ಹೆಚ್ಚಾಗಿ ಹಾಳಾದದ್ದು ವಸಂತದಲ್ಲಿ, ಮಂಜು ಕರಗಿ ನೆಲ ಹಸಿಯಾದಾಗ ಎಂಬುದೂ ಅದೇ ಪರೀಕ್ಷೆಯಲ್ಲಿ ಕಂಡಿತು.

ಈಗ ನಮ್ಮೂರಿಗೆ ಬನ್ನಿ. ಡೇರಿಯಿಂದ 40 ಲೀಟರಿನ 50 ಕ್ಯಾನು ತುಂಬಿಕೊಂಡು ಹೋಗುವ ಸಣ್ಣ ಗಾಡಿಯಲ್ಲಿ 2,000 ಲೀಟರ್ ಹಾಲು, ಅಂದರೆ ಎರಡು ಟನ್‌ಗಿಂತ ಸ್ವಲ್ಪ ಹೆಚ್ಚು. ಕ್ಯಾನು, ಗಾಡಿ ಎಲ್ಲ ಸೇರಿದರೂ ಹಿಂದಿನ ಅಚ್ಚಿನ ಮೇಲೆ ಬೀಳುವುದು ಹೆಚ್ಚುಕಡಿಮೆ 3 ಟನ್ ಎಂದಿಟ್ಟುಕೊಳ್ಳೋಣ. ಅದೇ ರಸ್ತೆಯಲ್ಲಿ ಖಡಿ ತುಂಬಿದ ಲಾರಿ ಹೋಗುತ್ತದೆ, ಅದರ ಹಿಂದಿನ ಅಚ್ಚಿನ ಮೇಲೆ 9 ಟನ್. ಇದು ಕಾನೂನಿನ ಮಿತಿಯೊಳಗೇ ಇದೆ, ನಾಲ್ಕು ಟೈರಿನ ಒಂದು ಅಚ್ಚಿಗೆ 2018ರಿಂದ 11.5 ಟನ್‌ವರೆಗೆ ಅವಕಾಶ ಇದೆ. ಭಾರ ಮೂರು ಪಟ್ಟು, ಪೆಟ್ಟು 81 ಪಟ್ಟು. ಅಂದರೆ ನಿಮ್ಮ ಹಾಲಿನ ಗಾಡಿ ಎರಡೂ ಹೊತ್ತು, 40 ದಿನ ಬಂದು ಹೋದರೆ ರಸ್ತೆಗೆ ಆಗುವಷ್ಟು ಪೆಟ್ಟನ್ನು ಆ ಲಾರಿ ಒಂದೇ ಸಲ ಹೋಗಿ ಕೊಡುತ್ತದೆ. ಲೆಕ್ಕ ಅಂದಾಜಿನದು. ಹಸಿ ನೆಲದ ಮೇಲೆ, ತೆಳುವಾದ ಡಾಂಬರಿನ ಮೇಲೆ ಇದಕ್ಕಿಂತ ಕೆಟ್ಟದ್ದೂ ಆಗಬಹುದು.

ಇದೇ ಲೆಕ್ಕದಲ್ಲಿ ಒಂದು ಒಳ್ಳೆಯ ಸುದ್ದಿಯೂ ಅಡಗಿದೆ. ಟ್ರ್ಯಾಕ್ಟರ್ ಟ್ರೇಲರಿನ ಅಚ್ಚಿನ ಮೇಲೆ 10 ಟನ್ ಬೀಳುವಂತೆ ಒಂದು ಸಲ ಹೋದರೆ ಪೆಟ್ಟು 16 ಎಂದುಕೊಳ್ಳಿ. ಅದೇ ಸರಕನ್ನು ಅರ್ಧರ್ಧ ಮಾಡಿ, ಅಚ್ಚಿಗೆ 5 ಟನ್ ಬೀಳುವಂತೆ ಎರಡು ಸಲ ಹೋದರೆ ಪೆಟ್ಟು ಒಂದಕ್ಕೆ ಒಂದು ಕೂಡಿ 2. ಸಾಗಿದ ಸರಕು ಅಷ್ಟೇ, ರಸ್ತೆಗೆ ಆದ ಹಾನಿ ಎಂಟರಲ್ಲಿ ಒಂದು ಪಾಲು. ಡೀಸೆಲ್ ಖರ್ಚು ಹೆಚ್ಚಾಗುತ್ತದೆ, ನಿಜ. ಆದರೆ ಆ ಖರ್ಚು ಕಣ್ಣಿಗೆ ಕಾಣುತ್ತದೆ, ರಸ್ತೆ ಕೆಟ್ಟು ಹಾಲು ವಾಪಸ್ ಬಂದ ಖರ್ಚು ಯಾರ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ. ಅದನ್ನು ಹೊರುವವರು ನೀವು.

ಮಳೆ ನಿಂತ ಮೇಲಿನ ವಾರಗಳು

ಜೋರು ಮಳೆಯಲ್ಲಿ ಹೇಗೂ ಭಾರದ ಗಾಡಿಗಳು ಹಳ್ಳಿಗೆ ಕಡಿಮೆ ಬರುತ್ತವೆ. ನಮ್ಮ ಜಿಲ್ಲೆಯಲ್ಲಿ ರಸ್ತೆಗೆ ನಿಜವಾದ ಗಂಡಾಂತರ ಮಳೆ ಹೊಳವಾದ ಕೂಡಲೇ ಶುರುವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಯಾಕೆ ಎಂದರೆ, ಎರೆ ನೆಲ ಮೇಲಿನಿಂದ ಒಣಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಹಿಂಗಾರಿ ಜೋಳ, ಕಡಲೆ ಮಳೆಯಿಲ್ಲದೆ ಬೆಳೆಯುವುದು ಆ ಹಸಿಯ ಮೇಲೆಯೇ ಅಲ್ಲವೇ? ಹೊಲದಲ್ಲಿ ತಿಂಗಳುಗಟ್ಟಲೆ ನಿಲ್ಲುವ ಹಸಿ, ಪಕ್ಕದ ರಸ್ತೆಯ ಅಡಿಯಲ್ಲೂ ನಿಂತಿರುತ್ತದೆ. ಡಾಂಬರು ಮುಚ್ಚಿರುವುದರಿಂದ ಅಲ್ಲಿಗೆ ಬಿಸಿಲು-ಗಾಳಿ ತಾಗುವುದೂ ಕಷ್ಟ. ಅದೇ ಹೊತ್ತಿಗೆ ಅಕ್ಟೋಬರ್-ನವೆಂಬರ್‌ನಲ್ಲಿ ಗೋವಿನಜೋಳದ ಸುಗ್ಗಿ. ಮಾರುಕಟ್ಟೆಗೆ ಕಾಳು, ಮನೆಗೆ ಕಣಿಕಿ, ಸಂಗೂರಿನ ಕಡೆಗೆ ಕಬ್ಬು, ಮಳೆಗಾಲದಲ್ಲಿ ನಿಂತಿದ್ದ ಮನೆ ಕಟ್ಟುವ ಕೆಲಸಗಳಿಗೆ ಉಸುಕು, ಖಡಿ. ಎಲ್ಲವೂ ಒಮ್ಮೆಗೇ ರಸ್ತೆಗೆ ಇಳಿಯುತ್ತವೆ. ಹಿಮದ ದೇಶದವರ ಮಾರ್ಚ್ ತಿಂಗಳು ಇದ್ದಂತೆ ನಮ್ಮ ಅಕ್ಟೋಬರ್: ಮೇಲೆ ಒಣ, ಒಳಗೆ ಹಸಿ. (ಬ್ಯಾಡಗಿ ಮೆಣಸಿನಕಾಯಿಯ ದೊಡ್ಡ ಆವಕ ಸಂಕ್ರಾಂತಿಯ ನಂತರ, ನೆಲ ಗಟ್ಟಿಯಾದ ಮೇಲೆ ಆಗುತ್ತದೆ. ಚೀಲವೂ ಹಗುರ. ಆ ಮಟ್ಟಿಗೆ ಮೆಣಸಿನಕಾಯಿ ರಸ್ತೆಗೆ ಒಳ್ಳೆಯ ಬೆಳೆ.)

ರಸ್ತೆ ಒಳಗೆ ನೀರು ಕುಡಿದಿದೆ ಎಂದು ತಿಳಿಯುವುದು ಹೇಗೆ? ಭಾರದ ಗಾಡಿ ಹೋದ ಮೇಲೆ ನೋಡಿ. ಡಾಂಬರಿನ ಬಿರುಕಿನಿಂದ ಕಂದು ನೀರು ಅಥವಾ ತೆಳು ರಾಡಿ ಉಕ್ಕಿ ಬಂದರೆ ಒಳಗಿನ ಮಣ್ಣು ಕರಗಿ ಹೊರಗೆ ಬರುತ್ತಿದೆ ಎಂದರ್ಥ. ಒಣಗಿದ ಕೆರೆಯ ತಳದಂತೆ ಡಾಂಬರು ಸಣ್ಣ ಸಣ್ಣ ತುಂಡಾಗಿ ಬಿರಿದಿದ್ದರೆ ಕೆಳಗಿನ ಪದರ ಸೋತಿದೆ. ಗಾಲಿ ಹೋಗುವ ಎರಡು ಸಾಲಿನಲ್ಲಿ ರಸ್ತೆ ತಗ್ಗಾಗಿ ನೀರು ನಿಂತರೆ ಮುಂದಿನ ಮಳೆಗೆ ಅಲ್ಲೇ ಹೊಂಡ ಬೀಳುತ್ತದೆ. ಅಂಚು ಮುರಿದು ಕೆಳಗೆ ಕುಸಿದಿದ್ದರೆ ಪಕ್ಕದಲ್ಲಿ ನೀರು ನಿಲ್ಲುತ್ತಿದೆ ಎಂದು ತಿಳಿಯಿರಿ.

ತಿಪ್ಪೆಯ ವಿಷಯ

ಇದು ಸ್ವಲ್ಪ ಕಹಿ ಮಾತು, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಅನೇಕ ಹಳ್ಳಿಗಳಲ್ಲಿ ಗೊಬ್ಬರದ ತಿಪ್ಪೆ ಇರುವುದು ರಸ್ತೆಯ ಪಕ್ಕದ ಹರಿಯಲ್ಲಿ. ಮನೆಯ ಹಿಂದೆ ಜಾಗ ಇಲ್ಲ, ತಲೆಯ ಮೇಲೆ ಬುಟ್ಟಿ ಹೊತ್ತು ದೂರ ಹೋಗುವುದು ಕಷ್ಟ, ಇದೆಲ್ಲ ನನಗೆ ಗೊತ್ತು. ಆದರೆ ಆ ಹರಿ ಇರುವುದು ರಸ್ತೆಯ ಮೇಲೆ ಬಿದ್ದ ನೀರು ಹರಿದು ಹೋಗಲಿಕ್ಕೆ. ತಿಪ್ಪೆ ಅಡ್ಡ ಬಂದರೆ ನೀರು ಅಲ್ಲೇ ನಿಂತು ಪಕ್ಕದಿಂದ ರಸ್ತೆಯ ಅಡಿಗೆ ಇಳಿಯುತ್ತದೆ. ಮೇಲಿನ ಡಾಂಬರು ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ, ಛತ್ರಿ ಹಿಡಿದು ಮೊಣಕಾಲು ನೀರಿನಲ್ಲಿ ನಿಂತಂತೆ. ಕೊಟ್ಟಿಗೆ ತೊಳೆದ ನೀರನ್ನು ದಿನವೂ ರಸ್ತೆಗೆ ಬಿಡುವುದೂ ಹೀಗೆಯೇ. ಬೇಸಿಗೆಯಲ್ಲೂ ಆ ಜಾಗ ಒಣಗುವುದಿಲ್ಲ.

ಹೊಲದ ಒಡ್ಡನ್ನು ರಸ್ತೆಯವರೆಗೆ ಎಳೆದು ಹರಿಯನ್ನೇ ಮುಚ್ಚಿಬಿಡುವವರೂ ಇದ್ದಾರೆ. ಹೊಲಕ್ಕೆ ಹೋಗುವ ದಾರಿಗೆ ಕೊಳವೆ ಹಾಕದೆ ಬರೀ ಮಣ್ಣು ತುಂಬುವುದೂ ಉಂಟು. ಮಿರಗ ಹುಟ್ಟುವ ಮೊದಲೇ ಊರಿನ ಹರಿ, ಮೋರಿಗಳ ಹೂಳು ತೆಗೆಸಿದರೆ ಭಾರದ ಮಿತಿಗಿಂತ ಹೆಚ್ಚು ಲಾಭ ಅದರಿಂದಲೇ ಸಿಗುತ್ತದೆ. ತಿಪ್ಪೆಗೆ ರಸ್ತೆಯಿಂದ ದೂರ ಗುಂಡಿ ಮಾಡಿಕೊಂಡರೆ ಗೊಬ್ಬರದ ಸತ್ವ ಮಳೆ ನೀರಿನಲ್ಲಿ ತೊಳೆದು ಹೋಗುವುದೂ ತಪ್ಪುತ್ತದೆ.

ಮಿತಿ ಕೇಳುವುದು ಹೇಗೆ, ಯಾರನ್ನು?

ಮೊದಲು ರಸ್ತೆ ಯಾರದು ಎಂದು ತಿಳಿಯಬೇಕು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಹಳ್ಳಿ ರಸ್ತೆಗಳು ಹೆಚ್ಚಾಗಿ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಕ್ಕೆ ಸೇರುತ್ತವೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಆದ ರಸ್ತೆಯಾದರೆ ಊರ ಮುಂದೆ ಫಲಕ ಇರುತ್ತದೆ. ಅದರಲ್ಲಿ ಕೆಲಸ ಮುಗಿದ ದಿನ ನೋಡಿ. ಅಲ್ಲಿಂದ 5 ವರ್ಷ ಆ ರಸ್ತೆಯ ನಿರ್ವಹಣೆ ಗುತ್ತಿಗೆದಾರರ ಜವಾಬ್ದಾರಿ. ತಗ್ಗು ಬಿದ್ದರೆ ಅವರು ಮುಚ್ಚಲೇಬೇಕು. ಈ ರಸ್ತೆಗಳ ದೂರು ಕೊಡಲು 'ಮೇರಿ ಸಡಕ್' ಎಂಬ ಮೊಬೈಲ್ ಆ್ಯಪ್ ಇದೆ, ಫೋಟೊ ತೆಗೆದು ಕಳಿಸಬಹುದು. ಶಾಲೆಗೆ ಹೋಗುವ ಮಕ್ಕಳಿಗೆ ಹೇಳಿದರೆ ಐದು ನಿಮಿಷದ ಕೆಲಸ.

ಭಾರದ ಮಿತಿಗೆ ಕಾನೂನು ಇದೆ. 1988ರ ಮೋಟಾರು ವಾಹನಗಳ ಕಾಯ್ದೆಯ 115ನೇ ಕಲಂ ಪ್ರಕಾರ, ರಸ್ತೆ ಅಥವಾ ಸೇತುವೆಯ ಸ್ಥಿತಿ ನೋಡಿ ಯಾವುದೇ ಬಗೆಯ ವಾಹನವನ್ನು ಆ ರಸ್ತೆಯಲ್ಲಿ ನಿಷೇಧಿಸಲು ಅಥವಾ ಮಿತಿಗೊಳಿಸಲು ಸರ್ಕಾರಕ್ಕೆ, ಸರ್ಕಾರ ಅಧಿಕಾರ ಕೊಟ್ಟವರಿಗೆ ಅವಕಾಶ ಇದೆ. ಘಾಟಿಗಳಿಗೆ, ಕೊಡಗಿಗೆ ಜಿಲ್ಲಾಧಿಕಾರಿಗಳು ಆದೇಶ ಮಾಡುವುದು ಹೀಗೆ. ಈ ಕಲಂನಲ್ಲಿ ನಮಗೆ ಅನುಕೂಲವಾದ ಒಂದು ಮಾತಿದೆ: ನಿರ್ಬಂಧ ಒಂದು ತಿಂಗಳಿಗಿಂತ ಹೆಚ್ಚಲ್ಲದಿದ್ದರೆ ರಾಜ್ಯಪತ್ರದಲ್ಲಿ ಪ್ರಕಟಿಸಬೇಕಾಗಿಲ್ಲ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು. ನಮಗೆ ಬೇಕಿರುವುದೂ ಕೆಲವೇ ವಾರಗಳ ಮಿತಿ.

ಹಾಗಾಗಿ ನಿಮ್ಮ ಸಂಘದ ಆಡಳಿತ ಮಂಡಳಿಯಲ್ಲಿ ಮೊದಲು ಮಾತಾಡಿ. ಮಹಿಳಾ ಗ್ರಾಮಸಭೆಯಲ್ಲಿ ವಿಷಯ ಎತ್ತಿ ಠರಾವು ಬರೆಸಿ. ರಸ್ತೆಯ ಹೆಸರು, ಎಲ್ಲಿಂದ ಎಲ್ಲಿಯವರೆಗೆ, ಯಾವ ತಿಂಗಳು, ಎಷ್ಟು ಹಾಲು ಆ ದಾರಿಯಲ್ಲಿ ದಿನಕ್ಕೆ ಹೋಗುತ್ತದೆ, ಕಳೆದ ಮಳೆಗಾಲದಲ್ಲಿ ಎಷ್ಟು ದಿನ ಗಾಡಿ ಬರಲಿಲ್ಲ, ಎಷ್ಟು ಲೀಟರ್ ವಾಪಸ್ ಬಂತು, ಇಷ್ಟೂ ಅದರಲ್ಲಿ ಇರಲಿ. ಕೊನೆಯ ಎರಡು ಲೆಕ್ಕ ನಿಮ್ಮ ಡೇರಿಯ ಕಾರ್ಯದರ್ಶಿಯ ಪುಸ್ತಕದಲ್ಲಿ ಸಿಗುತ್ತದೆ. "ರಸ್ತೆ ಕೆಟ್ಟಿದೆ" ಎಂಬ ಅರ್ಜಿ ಕಚೇರಿಗೆ ದಿನಕ್ಕೆ ಹತ್ತು ಬರುತ್ತವೆ, ಲೀಟರಿನ ಲೆಕ್ಕ ಇರುವ ಅರ್ಜಿ ಕಡಿಮೆ. ಠರಾವಿನ ಪ್ರತಿಯನ್ನು ಗ್ರಾಮ ಪಂಚಾಯಿತಿಯ ಮೂಲಕ ಎಂಜಿನಿಯರಿಂಗ್ ವಿಭಾಗಕ್ಕೂ ಜಿಲ್ಲಾಧಿಕಾರಿಗಳಿಗೂ ಕಳಿಸಿ.

ಮಿತಿಗಿಂತ ಹೆಚ್ಚು ಭಾರ ಹೇರಿದವರಿಗೆ ಬೇರೆಯೇ ದಂಡ ಇದೆ. 2019ರ ತಿದ್ದುಪಡಿಯ ನಂತರ ಕಾಯ್ದೆಯ ಪ್ರಕಾರ ಅದು 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್‌ಗೆ ಮತ್ತೆ 2,000 ರೂಪಾಯಿ. ಆದರೆ ಊರೊಳಗೆ ದಂಡದ ಮಾತಿಗಿಂತ ಮನೆಯ ಮಾತು ಹೆಚ್ಚು ನಡೆಯುತ್ತದೆ. ಟ್ರ್ಯಾಕ್ಟರ್ ನಮ್ಮ ಮೈದುನನದೋ ಬೀಗರದೋ ಆಗಿರುತ್ತದೆ. "ಈ ಹದಿನೈದು ದಿನ ಅರ್ಧ ಡಬ್ಬಿ ತುಂಬು ತಮ್ಮಾ, ಇಲ್ಲಾಂದ್ರ ನಮ್ಮ ಹಾಲಿನ ಗಾಡಿ ನಿಂತು ಹೋಗತೈತಿ" ಎಂದು ನೀವು ಹೇಳಿದರೆ ಅದಕ್ಕೆ ಇರುವ ತೂಕ ನಮ್ಮ ಸುತ್ತೋಲೆಗೆ ಇಲ್ಲ.

ನಮ್ಮದೇ ಭಾರದ ಲೆಕ್ಕ

ಮಣ್ಣು ಹಾಲಿಗೂ ವಿನಾಯಿತಿ ಕೊಡುವುದಿಲ್ಲ ಎಂದೆನಲ್ಲ, ಆ ಮಾತಿಗೆ ಬರುತ್ತೇನೆ. ಕ್ಯಾನಿನ ಗಾಡಿ ಹಗುರ. ಆದರೆ ನಮ್ಮ ಕಡೆಯಿಂದಲೂ ಎರಡು ಭಾರದ ಗಾಡಿ ಹಳ್ಳಿಗೆ ಬರುತ್ತವೆ.

ಒಂದು ಪಶು ಆಹಾರದ ಲಾರಿ. 50 ಕಿಲೋದ 200 ಚೀಲ ಎಂದರೆ 10 ಟನ್ ಸರಕು. ನಿಮ್ಮ ರಸ್ತೆ ಹಸಿಯಲ್ಲಿ ಸೋಲುವಂಥದ್ದಾದರೆ ಜೂನ್ ಮೊದಲೇ ಹೆಚ್ಚು ದಾಸ್ತಾನು ತರಿಸಿಕೊಳ್ಳಲು ಸಂಘದವರಿಗೆ ಹೇಳಿ. ಚೀಲಗಳು ನೆಲಕ್ಕೆ, ಗೋಡೆಗೆ ತಾಗದಂತೆ ಹಲಗೆಯ ಮೇಲೆ ಇರಲಿ. ಬೂಷ್ಟು ಹಿಡಿದ ಆಹಾರ ಹಾಕಿದರೆ ಹೊಸ ತೊಂದರೆ ಶುರುವಾಗುತ್ತದೆ. ಚೀಲದ ಮೇಲಿನ ತಯಾರಿಕೆಯ ದಿನಾಂಕ ನೋಡಿ, ಹಳೆಯದನ್ನು ಮೊದಲು ಬಳಸಿ. ಮಳೆಗಾಲದ ನಡುವೆ ತರಿಸುವುದಾದರೆ ಅರ್ಧ ಲೋಡ್ ಕೇಳಿ.

ಇನ್ನೊಂದು ಟ್ಯಾಂಕರ್. ಹಾಲು ತಂಪು ಮಾಡುವ ಬಿಎಂಸಿ ಘಟಕ ನಮ್ಮೂರಿಗೂ ಬೇಕು ಎಂದು ಅನೇಕ ಮಹಿಳಾ ಸಂಘಗಳು ಕೇಳುತ್ತಿವೆ. ಕೇಳಬೇಕಾದದ್ದೇ. ಹಾಲನ್ನು ಬೇಗನೆ 4 ಡಿಗ್ರಿಗೆ ಇಳಿಸಿದರೆ ಗಾಡಿ ಕೆಲವು ತಾಸು ತಡವಾದರೂ ಹಾಲು ಉಳಿಯುತ್ತದೆ. ತಂಪು ಮಾಡದ ಹಾಲಿನಲ್ಲಿ ಬೆಚ್ಚಗಿನ ಹೊತ್ತಿನಲ್ಲಿ ಸೂಕ್ಷ್ಮಾಣುಗಳು ಅರ್ಧ ತಾಸಿಗೊಮ್ಮೆ ಎರಡು ಪಟ್ಟಾಗಬಲ್ಲವು. ಆ ಲೆಕ್ಕದಲ್ಲಿ ಒಂದಿದ್ದದ್ದು 4 ತಾಸಿನಲ್ಲಿ 256. ಆದರೆ ಬಿಎಂಸಿ ಬಂದರೆ ಕ್ಯಾನಿನ ಗಾಡಿ ಹೋಗಿ ಟ್ಯಾಂಕರ್ ಬರುತ್ತದೆ. 10,000 ಲೀಟರ್ ಹಾಲಿನ ತೂಕವೇ 10 ಟನ್ ದಾಟುತ್ತದೆ, ಗಾಡಿಯ ತೂಕ ಬೇರೆ. ದಾರಿಯ ಕೊನೆಯ ಊರು ನಿಮ್ಮದಾದರೆ ಆ ಟ್ಯಾಂಕರ್ ತುಂಬಿಕೊಂಡೇ ನಿಮ್ಮ ರಸ್ತೆಯಲ್ಲಿ ಹೋಗುತ್ತದೆ. ಆದ್ದರಿಂದ ಜಾಗ ಗುರುತಿಸುವಾಗ ಊರ ನಡುವಿನ ಡೇರಿ ಕಟ್ಟಡಕ್ಕಿಂತ ಮುಖ್ಯ ರಸ್ತೆಗೆ ಹತ್ತಿರದ ಜಾಗ ನೋಡಿ ಎಂಬುದು ನನ್ನ ಸಲಹೆ. ಬೆಳಿಗ್ಗೆ ಹಾಲು ಹೊತ್ತು ನೂರು ಹೆಜ್ಜೆ ಹೆಚ್ಚು ನಡೆಯಬೇಕಾಗುತ್ತದೆ, ಅದಕ್ಕೆ ಕೆಲವರು ಒಪ್ಪುವುದಿಲ್ಲ. ಒಪ್ಪದವರ ಮಾತನ್ನೂ ಕೇಳಿ, ಮುದುಕಿಯರಿಗೆ ಆ ನೂರು ಹೆಜ್ಜೆ ಸಣ್ಣದಲ್ಲ. ಜಾಗ ಬದಲಿಸಲು ಆಗದಿದ್ದರೆ ದಾರಿಯ ಸರದಿಯಲ್ಲಿ ನಿಮ್ಮ ಊರಿಗೆ ಟ್ಯಾಂಕರ್ ಖಾಲಿ ಇರುವಾಗಲೇ ಮೊದಲು ಬರುವಂತೆ ಮಾರ್ಗ ಬದಲಿಸಲು ಒಕ್ಕೂಟದ ಶಿಬಿರ ಕಚೇರಿಗೆ ಬರೆದು ಕೊಡಿ.

ರಸ್ತೆ ಕೆಟ್ಟೇ ಹೋದರೆ ದನಗಳಿಗಾಗಿ ಏನು ಮಾಡಬೇಕು?

ಈ ವರ್ಷವೇ ಎಲ್ಲ ರಸ್ತೆ ಸರಿಹೋಗುವುದಿಲ್ಲ. ಅದಕ್ಕೆ ಮುಂಚೆಯೇ ತಯಾರಿ ಇರಲಿ.

ಆಕಳು ಗಬ್ಬ ಧರಿಸಿ ಸುಮಾರು 280 ದಿನಕ್ಕೆ, ಎಮ್ಮೆ ಸುಮಾರು 310 ದಿನಕ್ಕೆ ಈಯುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸೂಜಿ ನಿಂತ ಆಕಳುಗಳು ಜುಲೈ ಎರಡನೇ ವಾರದಿಂದ ಅಕ್ಟೋಬರ್ ಮೊದಲ ವಾರದೊಳಗೆ ಈಯುತ್ತವೆ. ಎಮ್ಮೆಗಳಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಗಬ್ಬವಾದವು ಆ ಹೊತ್ತಿಗೆ ಬರುತ್ತವೆ. ನಿಮ್ಮ ಕಾರ್ಡಿನಲ್ಲಿ ಸೂಜಿ ಹಾಕಿದ ದಿನಾಂಕ ನೋಡಿ ಎಣಿಸಿ. ಈ ತಿಂಗಳುಗಳಲ್ಲಿ ಈಯುವ ದನಗಳ ಪಟ್ಟಿಯನ್ನು ಜೂನ್‌ನಲ್ಲೇ ಡೇರಿಯಲ್ಲಿ ಬರೆಸಿಟ್ಟರೆ ಯಾವ ಊರಿಗೆ ಯಾವಾಗ ಬರಬೇಕಾಗಬಹುದು ಎಂದು ನಮಗೂ ಅಂದಾಜು ಸಿಗುತ್ತದೆ. ಮೊದಲ ಸೂಲಿನ ಕಡಸು, ಹಿಂದಿನ ಸಲ ಈಯಲು ಕಷ್ಟಪಟ್ಟದ್ದು, ಈದ ಮೇಲೆ ಹಾಲು ಜ್ವರದಿಂದ ಮಲಗಿದ್ದು, ಇವುಗಳ ಹೆಸರಿನ ಮುಂದೆ ಗುರುತು ಹಾಕಿ. ಮುಖ್ಯ ರಸ್ತೆಯ ಪಕ್ಕ ನೆಂಟರ ಕೊಟ್ಟಿಗೆ ಇದ್ದರೆ ಅಂಥ ದನವನ್ನು ದಿನ ತುಂಬುವ ಹತ್ತು ಹದಿನೈದು ದಿನ ಮೊದಲೇ ಅಲ್ಲಿ ಕಟ್ಟುವುದು ಒಳ್ಳೆಯದು.

ನೀರಿನ ಚೀಲ ಒಡೆದು ಒಂದೆರಡು ತಾಸು ಮುಕ್ಕಿದರೂ ಕರು ಮುಂದೆ ಬರದಿದ್ದರೆ ಕಾಯಬೇಡಿ, ಕೂಡಲೇ ಫೋನ್ ಮಾಡಿ. ರಸ್ತೆ ಕೆಟ್ಟ ಊರಿನವರು ಉಳಿದವರಿಗಿಂತ ಬೇಗ ಫೋನ್ ಮಾಡಬೇಕು, ನಾವು ಬರುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಪಶುಗಳ ತುರ್ತು ಚಿಕಿತ್ಸೆಯ ಸಹಾಯವಾಣಿ 1962. ಫೋನಿನಲ್ಲಿ ದನದ ಸ್ಥಿತಿಯ ಜೊತೆಗೆ ಗಾಡಿ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನೂ ಮೊದಲೇ ಹೇಳಿ. ಯಾವ ದಾರಿ ಗಟ್ಟಿ ಇದೆ ಎಂದು ಗೊತ್ತಿರುವ ಒಬ್ಬರನ್ನು ಮುಖ್ಯ ರಸ್ತೆಗೆ ಕಳಿಸಿ.

ಬೆದೆಯ ವಿಷಯದಲ್ಲಿ ಹಳೆಯ ನಿಯಮವೇ. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಸೂಜಿ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಗಾಡಿ ಬಾರದ ದಿನಗಳಲ್ಲಿ ಬೆಳಿಗ್ಗೆ ಬೆದೆ ಕಂಡ ಆಕಳನ್ನು ಸಂಜೆಯೊಳಗೆ ನಡೆಸಿಕೊಂಡು ಮುಖ್ಯ ರಸ್ತೆಗೆ ತಂದರೆ ಆ 21 ದಿನ ಉಳಿಯುತ್ತದೆ. ಹೊರಡುವ ಮೊದಲು ಕೃತಕ ಗರ್ಭಧಾರಣೆ ಕಾರ್ಯಕರ್ತರಿಗೆ ಫೋನ್ ಮಾಡಿ ಜಾಗ, ಹೊತ್ತು ಗೊತ್ತು ಮಾಡಿಕೊಳ್ಳಿ. ಬೆದೆಗೆ ಬಂದ ಆಕಳನ್ನು ಕಟ್ಟಿಕೊಂಡು ರಸ್ತೆ ಬದಿ ಮಳೆಯಲ್ಲಿ ಕಾಯುವುದು ಎಷ್ಟು ಕಷ್ಟ ಎಂದು ನಿಮಗೆ ಹೇಳಬೇಕಾಗಿಲ್ಲ.

ಸಂಜೆಯ ಹಾಲಿನ ಗಾಡಿ ಬರುವುದು ಅನುಮಾನ ಎನಿಸಿದ ದಿನ ಕರೆದ ಹಾಲನ್ನು ಮನೆಯಲ್ಲಿ ಇಟ್ಟುಕೊಂಡು ಕಾಯಬೇಡಿ. ಡೇರಿಗೆ ತಂದು ಕೊಟ್ಟು, ಊರಿನ ಎಲ್ಲ ಕ್ಯಾನುಗಳನ್ನು ಒಂದು ಎತ್ತಿನ ಗಾಡಿಯಲ್ಲೋ ಸಣ್ಣ ಟಂಟಂನಲ್ಲೋ ಗಟ್ಟಿ ರಸ್ತೆಯವರೆಗೆ ಮುಟ್ಟಿಸಲು ಸರದಿ ಮಾಡಿಕೊಳ್ಳಿ. ಅದರ ಬಾಡಿಗೆಯನ್ನು ಸಂಘದ ಖರ್ಚಿನಲ್ಲಿ ಹಾಕಲು ಮಳೆಗಾಲಕ್ಕೆ ಮುಂಚೆಯೇ ಆಡಳಿತ ಮಂಡಳಿಯ ಸಭೆಯಲ್ಲಿ ಠರಾವು ಮಾಡಿಟ್ಟುಕೊಂಡರೆ ಆ ದಿನ ಯಾರು ಕೊಡಬೇಕು ಎಂಬ ಜಗಳ ಬರುವುದಿಲ್ಲ.